ಕೆಲವೆಡೆ

ರೇಡಿಯೋ ಹೇಳುತ್ತದೆ: ಸರೋವರ ಪ್ರದೇಶದ
ಕೆಲವೆಡೆ ಗುಡುಗು ಸಹಿತ ಮಳೆ.

ಕೆಲವೆಡೆ ಎಂಬ ಊರನ್ನು ನಾನು ನೋಡಿಲ್ಲ.
ಈ ದ್ವೀಪದ ಯಾವ ದೋಣಿಯೂ ಅಲ್ಲಿಗೆ ಹೋಗುವುದಿಲ್ಲ.
ನಮ್ಮದು ನ್ಯಾಕೆರಾ ದಂಡೆ. ಮೂವತ್ತೇಳು ದೋಣಿ,
ಒಮೆನಾ ಒಣಗಿಸಲು ಹಳೇ ಬಲೆ ಹಾಸಿದ ಹರವು,
ಒಂದು ಹೊಲಿಗೆ ಅಂಗಡಿ, ಬೀಗ ಕೆಟ್ಟ ಚರ್ಚು,
ಬಂಡೆಯ ಮೇಲೆ ನನ್ನ ಕಂಬ.

ಕಂಬದ ತುದಿಗೆ ಮೂರು ಬಟ್ಟಲು ತಿರುಗುತ್ತವೆ.
ಬುಡದಲ್ಲಿ ಮಳೆ ಅಳೆಯುವ ಡಬ್ಬಿ.
ಒಮ್ಮೊಮ್ಮೆ ನನಗಿಂತ ಮುಂಚೆ ಎದ್ದ ಕೋಳಿ ಅದರ ನೀರು ಕುಡಿದಿರುತ್ತದೆ;
ಆ ದಿನದ ಲೆಕ್ಕದಲ್ಲಿ "ಕೋಳಿ" ಎಂದೇ ಬರೆದಿಡುತ್ತೇನೆ.

ನನ್ನ ಹೆಸರು ಅಲುವೊಚ್.
ಮೋಡ ಕವಿದ ಹೊತ್ತಿನಲ್ಲಿ ಹುಟ್ಟಿದವಳು ಅಂತ.
ಅದಕ್ಕೇ ನಿನಗೆ ಈ ಕೆಲಸ ಕೊಟ್ಟರು
ಎಂದು ನಗುತ್ತಾನೆ ಮುದುಕ ಒಬುರಾ. ಇರಬಹುದು.
ಕಿಸುಮುವಿನಲ್ಲಿ ಹನ್ನೊಂದು ದಿನ ಕಲಿಸಿದರು,
ಹನ್ನೆರಡನೆಯ ದಿನ ಬಾವುಟಗಳನ್ನು ಮಡಚಿ ಕೈಗಿಟ್ಟರು:
ಹಸಿರು, ಹಳದಿ, ಕೆಂಪು.

ನಾಲ್ಕು ಗಂಟೆಗೆ ಫೋನಿನಲ್ಲಿ ಮೋಡದ ಚಿತ್ರ
ಅಂಗುಲ ಅಂಗುಲವಾಗಿ ಇಳಿಯುತ್ತದೆ.
ಅಷ್ಟರಲ್ಲಿ ನಾನು ನೀರು ನೋಡುತ್ತೇನೆ.
ಅಂತರಗಂಗೆ ಯಾವ ಕಡೆ ತೇಲಿತು,
ನೊಣಗಳ ಹೊಗೆ ಎಲ್ಲಿ ಎದ್ದಿತು,
ಬಟ್ಟಲುಗಳು ಯಾಕೆ ಸುಮ್ಮನಾದವು.

"ನೂರಕ್ಕೆ ಮೂವತ್ತು ಅಂದರೇನು?
ನೂರು ಜನ ಹೋದರೆ ಮೂವತ್ತು ಜನ ಮುಳುಗುತ್ತಾರಾ?"
ಅಲ್ಲ ತಾತ. ಇಂಥ ಹತ್ತು ರಾತ್ರಿಗಳಲ್ಲಿ ಮೂರು ರಾತ್ರಿ ಬಿರುಗಾಳಿ.
"ಇವತ್ತಿನದು ಮೂರರದ್ದೋ, ಏಳರದ್ದೋ?"
ಈ ಪ್ರಶ್ನೆಯನ್ನು ಕಿಸುಮುವಿನ ಮೇಷ್ಟರಿಗೂ ಕೇಳಿದ್ದೆ.
ಅವರು ಕನ್ನಡಕ ಒರೆಸಿಕೊಂಡರು.

ಏಪ್ರಿಲ್‌ನಲ್ಲಿ ಒಂದು ಸಂಜೆ ಕೆಂಪು ಏರಿಸಿದೆ.
ಮೂವತ್ತೇಳೂ ದೋಣಿ ಮರಳಿಗೆ ಬೋರಲು ಬಿದ್ದವು.
ರಾತ್ರಿಯೆಲ್ಲ ಆಕಾಶದ ತುಂಬ ನಕ್ಷತ್ರ,
ಒಂದೊಂದೂ ನನ್ನನ್ನೇ ಹೆಸರು ಹಿಡಿದು ಕರೆದ ಹಾಗೆ.
ಬೆಳಗ್ಗೆ ಬಲೆಯ ಹರವು ಖಾಲಿ.
ಅಪಿದಿ ತನ್ನ ಬರಿದಾದ ಬುಟ್ಟಿ ತಂದು
ನನ್ನ ಬಾಗಿಲಲ್ಲಿ ಇಟ್ಟು ಹೋದಳು, ಒಂದೂ ಮಾತಾಡದೆ.

ಆ ಸಂಜೆ ಹಲಗೆ ಒರೆಸಿ ಮೊದಲ ಸಾಲು ಬರೆದೆ:
ನಿನ್ನೆ ನಾನು ತಪ್ಪಿದೆ.
ಆಮೇಲೆ ಗಾಳಿ, ಆಮೇಲೆ ಅಲೆ.
ಅಂದಿನಿಂದ ಹಾಗೇ. ನಿನ್ನೆ ಹೇಳಿದ್ದೇನು, ಆದದ್ದೇನು,
ಮೊದಲು ಅದು. ಸೀಮೆಸುಣ್ಣಕ್ಕೆ ಖರ್ಚು ಜಾಸ್ತಿ.
ಆದರೆ ಒಬುರಾ ಈಗ ಓದಿಸಿಕೊಂಡು ಹೋಗುತ್ತಾನೆ,
ಎರಡು ಸಲ ಓದಿಸುತ್ತಾನೆ,
ಬುಟ್ಟಿಯೂ ತನ್ನ ಮನೆಗೆ ಮರಳಿದೆ.

ನಿನ್ನೆ ಚಂದ್ರನಿಲ್ಲದ ರಾತ್ರಿ. ಮೀನಿನ ರಾತ್ರಿ.
ಹಳದಿ ಏರಿಸಿದೆ. ನೂರಕ್ಕೆ ಮೂವತ್ತು,
ಎರಡು ಗಂಟೆಯ ನಂತರ, ದಕ್ಷಿಣದಿಂದ.
ದಂಡೆಗೆ ಹತ್ತಿರ ಇರಿ ಎಂದು ಕೆಳಗೆ ಗೆರೆ ಎಳೆದೆ.
ಇಪ್ಪತ್ತಾರು ಹೋದವು. ಇಪ್ಪತ್ತಾರು ದೀಪ
ನೀರ ಮೇಲೆ, ಯಾರೋ ಉಗ್ಗಿದ ಜೋಳದ ಹಾಗೆ.
ಎಣಿಸಿದೆ, ಮರೆತೆ, ಮತ್ತೆ ಎಣಿಸಿದೆ.
ಎರಡೂವರೆಗೆ ಬಟ್ಟಲು ಕಿರುಗುಟ್ಟಿದವು.
ದಕ್ಷಿಣ ಒಮ್ಮೆ ಬೆಳ್ಳಗಾಯಿತು.
ದೀಪಗಳು ಒಂದೊಂದಾಗಿ ದೊಡ್ಡವಾದವು,
ದೊಡ್ಡವಾಗಿ ಮನುಷ್ಯರಾದವು, ಬೈಗುಳವಾದವು,
ಮರಳಿಗೆ ತಾಗಿದ ಹಲಗೆಯ ಸದ್ದಾದವು.
ಇಪ್ಪತ್ತಾರು.

ಬೆಳಗ್ಗೆ ಡಬ್ಬಿಯಲ್ಲಿ ನಾಲ್ಕು ಮಿಲಿಮೀಟರು.
ಕೋಳಿ ಇನ್ನೂ ಎದ್ದಿರಲಿಲ್ಲ.
ದಂಡೆಯ ಅಂತರಗಂಗೆಯೊಳಗೆ ಏನೋ ಹೊಳೆಯಿತು:
ತೆಪ್ಪದ ಮೇಲೆ ಕಟ್ಟಿದ ಒಂದು ದೀಪ,
ಬಿಸಿಲಿನಲ್ಲೂ ಉರಿಯುತ್ತಾ.
ನಮ್ಮದಲ್ಲ. ನಮ್ಮವರ ಗಂಟು ಹಾಗಿರುವುದಿಲ್ಲ.
ದಕ್ಷಿಣಕ್ಕೆ ಆರು ಮೈಲಿ ದೂರ ಇನ್ನೊಂದು ದಂಡೆಯಿದೆ.
ಅಲ್ಲಿ ಹಲಗೆಯಿಲ್ಲ, ಕಂಬವಿಲ್ಲ,
ರೇಡಿಯೋ ಇದೆ.

ಯಾರೂ ಆ ದೀಪ ಆರಿಸಲಿಲ್ಲ.
ಪುಸ್ತಕ ತೆಗೆದೆ.
ಹೇಳಿದ್ದು: ಹಳದಿ.
ಬಂದದ್ದು: ಗಾಳಿ, ನಾಲ್ಕು ಮಿಲಿಮೀಟರು.
ಮೂರನೆಯ ಅಂಕಣದಲ್ಲಿ ಸರಿ ಎಂದು ಬರೆಯಬೇಕು.
ಪೆನ್ನು ಹಿಡಿದು ಕೂತಿದ್ದೇನೆ,
ಹೊತ್ತು ನೆತ್ತಿಗೆ ಬಂದಿದೆ.